ವಿಯೆಟ್ನಾಂ, ಜಪಾನ್ ಪ್ರವಾಸ: ಅಲ್ಲಿಯ ಅಪರಿಚಿತ ತಿನಿಸುಗಳನ್ನು ಸಸ್ಯಾಹಾರಿಗಳು ಎಲ್ಲಿಯವರೆಗೆ ಸವಿಯಬಹುದು?

ತೊಗರಿಕಣಜ, ಕಲಬುರಗಿ (ಪ್ರಶ್ನೆ)

ಎಲ್ಲರಿಗೂ ಶರಣು. ಬರುವ ಚಳಿಗಾಲದಲ್ಲಿ ನಾನೂ ನಮ್ಮ ಮನೆಯವರೂ ಮಗನಿರುವ ಒಸಾಕಾ ನಗರಕ್ಕೆ ಹೊರಟಿದ್ದೇವೆ. ಹೈದರಾಬಾದಿನಿಂದ ಹೊರಟು ಸಿಂಗಪುರದಲ್ಲಿ ವಿಮಾನ ಬದಲಿಸಿ, ವಿಯೆಟ್ನಾಮಿನ ಹನೋಯಿ ಮತ್ತು ಹ್ವೆ ನಗರಗಳಲ್ಲಿ ಕೆಲವು ದಿನ ಉಳಿದು, ಅಲ್ಲಿಂದ ಜಪಾನಿಗೆ ಹೋಗಿ ಹೊಸ ವರ್ಷದ ಹಬ್ಬವನ್ನು ಮಗನ ಜೊತೆ ಕಳೆಯುವುದು ನಮ್ಮ ಯೋಜನೆ.

ನಾವಿಬ್ಬರೂ ಮೊದಲಿನಿಂದ ಸಸ್ಯಾಹಾರಿಗಳು. ಮೊಟ್ಟೆಯನ್ನೂ ತಿನ್ನುವುದಿಲ್ಲ, ಹಾಲು ಮೊಸರಿಗೆ ಅಡ್ಡಿಯಿಲ್ಲ. ವಿದೇಶಕ್ಕೆ ಹೋಗಿ ಬಂದ ನಮ್ಮ ಓಣಿಯ ಮಂದಿಯನ್ನು ಕೇಳಿದರೆ, ಟೂರಿನವರು ಕರೆದೊಯ್ದ ಹೋಟೆಲಿನಲ್ಲಿ ಎರಡು ಹೊತ್ತೂ ದಾಲ್ ಮತ್ತು ಪನೀರ್ ತಿಂದೆವೆಂದು ಹೇಳುತ್ತಾರೆ. ಅಷ್ಟು ದೂರ ಹೋಗಿ ಆ ನೆಲದ ಒಂದು ಬೇರನ್ನೂ, ಒಂದು ಸೊಪ್ಪನ್ನೂ ನಾಲಿಗೆಗೆ ತಾಗಿಸದೆ ಬರುವುದು ನನಗೆ ಸರಿಯೆನಿಸುವುದಿಲ್ಲ. ಮನೆಯವರ ವಿಚಾರ ಬೇರೆ. ಅವರು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮತ್ತು ಕರ್ಚಿಕಾಯಿ ತುಂಬಲು ಈಗಾಗಲೇ ಒಂದು ಪೆಟ್ಟಿಗೆಯನ್ನು ಬೇರೆ ಇಟ್ಟಿದ್ದಾರೆ. ಗೊತ್ತಿಲ್ಲದ ದೇಶದಲ್ಲಿ ಗೊತ್ತಿಲ್ಲದ್ದನ್ನು ತಿಂದು ಜಾತ್ರೆಯಾಗುವುದು ಬೇಡವೆಂಬುದು ಅವರ ವಾದ, ಅದರಲ್ಲಿ ತೂಕವೂ ಇದೆ. ಏಕೆಂದರೆ ನನಗೆ ಹೃದಯದ ಕವಾಟ ಬದಲಿಸಿದ್ದು, ರಕ್ತ ಹೆಪ್ಪುಗಟ್ಟದಂತೆ ಪ್ರತಿದಿನ ವಾರ್ಫರಿನ್ ಗುಳಿಗೆ ತೆಗೆದುಕೊಳ್ಳುತ್ತೇನೆ.

ನಮಗೆ ತೀರ ಹೊಸದಾಗಿದ್ದೂ ಸಸ್ಯಾಹಾರಿಗೆ ಸಲ್ಲುವಂಥ ತಿನಿಸು ಆ ಎರಡು ದೇಶಗಳಲ್ಲಿ ಯಾವುದಿದೆ? ಮೀನು, ಮಾಂಸ ಕಣ್ಣಿಗೆ ಕಾಣದಂತೆ ಎಲ್ಲೆಲ್ಲಿ ಸೇರಿರುತ್ತದೆ? ಬೇರೆ ದೇಶಗಳಲ್ಲಿದ್ದು ಬಂದವರೂ ತಮ್ಮ ಅನುಭವವನ್ನು ಬರೆದರೆ ಉಪಕಾರವಾಗುತ್ತದೆ.

ಕೋಟೆಬಾಗಿಲು, ಬೀದರ

ಸರ್, ನಾನು ಕೆಲಸದ ನಿಮಿತ್ತ ಜಪಾನಿನಲ್ಲಿ ಕೆಲವು ವರ್ಷ ಇದ್ದವನು ಮತ್ತು ನಿಮ್ಮಂತೆಯೇ ಸಸ್ಯಾಹಾರಿ. ಅಲ್ಲಿ ನೋಡಲು ವಿಚಿತ್ರವಾದ ಪದಾರ್ಥಗಳು ನನಗೆ ತೊಂದರೆ ಕೊಟ್ಟದ್ದು ಕಡಿಮೆ. ನಿರಪಾಯವೆಂದು ತೋರುವ ಸಾರು, ತೋಫು (ಸೋಯಾ ಹಾಲಿನ ಪನೀರ್) ಮತ್ತು ನೂಡಲ್ಸ್‌ಗಳ ವಿಷಯದಲ್ಲಿಯೇ ಎಚ್ಚರ ಬೇಕಾಗುತ್ತದೆ. ಜಪಾನಿ ಅಡಿಗೆಯ ಬುನಾದಿ ದಾಶಿ ಎಂಬ ತಿಳಿಸಾರು. ಬೋನಿಟೊ ಎಂಬ ಮೀನನ್ನು ಹೊಗೆಯಲ್ಲಿ ಒಣಗಿಸಿ, ಕಟ್ಟಿಗೆಯಷ್ಟು ಗಟ್ಟಿ ಮಾಡಿ, ತೆಳ್ಳಗೆ ಹೆರೆದು ಅದನ್ನು ಕುದಿಸುತ್ತಾರೆ. ಹುದುಗಿಸಿದ ಸೋಯಾದಿಂದ ಮಾಡುವ ಮಿಸೊ ಸಾರಿನಲ್ಲಿ, ಸೋಬಾ ಮತ್ತು ಉದೊನ್ ನೂಡಲ್ಸಿನ ರಸದಲ್ಲಿ, ಕರಿದ ತೋಫುವಿನ ಚೀಲದೊಳಗೆ ಅನ್ನ ತುಂಬಿದ ಇನಾರಿಯಲ್ಲಿ, ಕೊನೆಗೆ ಬೇಯಿಸಿದ ಪಾಲಕದ ಮೇಲೆ ಹನಿಸುವ ದ್ರವದಲ್ಲಿಯೂ ಅದು ಇರುತ್ತದೆ. ಹೋಟೆಲಿನವರಿಗೆ ಮಾಂಸ ಬೇಡವೆಂದಷ್ಟೇ ಹೇಳಿದರೆ ಅವರು ಪ್ರಾಮಾಣಿಕವಾಗಿಯೇ ತಲೆಯಾಡಿಸಿ ಇದನ್ನು ತಂದಿಡುತ್ತಾರೆ, ಯಾಕೆಂದರೆ ಅವರ ಲೆಕ್ಕದಲ್ಲಿ ಸಾರಿನ ಮೂಲದ್ರವ್ಯ ಮಾಂಸವಲ್ಲ. ಕೊಂಬು ಎಂಬ ಕಡಲಪಾಚಿ ಅಥವಾ ಶಿಟಾಕೆ ಅಣಬೆಯಿಂದ ಮಾಡಿದ ದಾಶಿಯೂ ಉಂಟು. ಅದು ಬೇಕೆಂದು ಬಿಡಿಸಿ ಹೇಳಬೇಕು.

ಒಸಾಕಾ ಊರಿನ ಹೆಸರಾಂತ ತಿನಿಸುಗಳಲ್ಲಿ ನಿಮಗೆ ಸಲ್ಲುವುದು ಬಹಳ ಕಡಿಮೆ. ತಾಕೊಯಾಕಿಯೊಳಗೆ ಆಕ್ಟೋಪಸ್ ಇರುತ್ತದೆ. ಒಕೊನೊಮಿಯಾಕಿಯ ಹಿಟ್ಟಿನಲ್ಲಿ ಮೊಟ್ಟೆ ಮತ್ತು ದಾಶಿ, ಮೇಲೆ ಮೀನಿನ ಹೆರಕಲು ಇರುತ್ತದೆ. ಅಲ್ಲಿ ಹಟ ಹಿಡಿದು ಹುಡುಕುವುದಕ್ಕಿಂತ ನಂಬಾ ನಿಲ್ದಾಣದಿಂದ ನಾನ್ಕಾಯ್ ರೈಲು ಹಿಡಿದು ಕೋಯಾಸಾನ್ ಬೆಟ್ಟಕ್ಕೆ ಹೋಗಿ, ಅಲ್ಲಿಯ ಬೌದ್ಧ ಮಠವೊಂದರಲ್ಲಿ ಒಂದು ರಾತ್ರಿ ಉಳಿಯಿರಿ ಎಂಬುದು ನನ್ನ ಸಲಹೆ. ಕೂಕಾಯ್ ಎಂಬ ಯತಿಗಳು 816ರಲ್ಲಿ ಆರಂಭಿಸಿದ ನೆಲೆ ಅದು. ಶೋಜಿನ್ ರ್ಯೋರಿ ಎಂಬ ಅಲ್ಲಿಯ ಊಟದಲ್ಲಿ ಮಾಂಸ, ಮೀನು, ಮೊಟ್ಟೆಯಷ್ಟೇ ಅಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿಯೂ ಇರುವುದಿಲ್ಲ. ಎಳ್ಳನ್ನು ನುಣ್ಣಗೆ ಅರೆದು ಕುಡ್ಜು ಬೇರಿನ ಹಿಟ್ಟಿನೊಂದಿಗೆ ಗಟ್ಟಿಯಾಗುವವರೆಗೆ ಕೈಬಿಡದೆ ತಿರುವಿ ಮಾಡುವ ಗೋಮಾದೋಫು ಅಲ್ಲಿಯ ವಿಶೇಷ. ಹೆಸರಿನಲ್ಲಿ ತೋಫು ಇದ್ದರೂ ಅದರಲ್ಲಿ ಸೋಯಾ ಇರುವುದಿಲ್ಲ. ಸೋಯಾ ಹಾಲಿನ ಕೆನೆಯನ್ನು ಎತ್ತಿ ಮಾಡಿದ ಯುಬಾ, ಹಿಮದಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ ಕೋಯಾದೋಫು, ಗೋಧಿಯ ಜಿಗುಟಿನಿಂದ ಮಾಡಿದ ಫು ಸಹ ಬಡಿಸುತ್ತಾರೆ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. ಬೆಚ್ಚನೆಯ ಬಟ್ಟೆ ಇರಲಿ.

ಇನ್ನೊಂದು ಕೋನ್ಯಾಕು. ನಮ್ಮ ಸುವರ್ಣಗಡ್ಡೆಯ ಕುಲಕ್ಕೇ ಸೇರಿದ ಒಂದು ಗಡ್ಡೆಯ ಹಿಟ್ಟಿನಿಂದ ಮಾಡಿದ ಬೂದುಬಣ್ಣದ ಮುದ್ದೆ ಅದು. ಬಹುಪಾಲು ನೀರು, ಉಳಿದದ್ದು ನಾರು, ಸ್ವಂತ ರುಚಿ ಇಲ್ಲವೆಂದರೂ ನಡೆದೀತು. ಪದಾರ್ಥ ಶುದ್ಧ ಸಸ್ಯಾಹಾರವಾದರೂ ಅಂಗಡಿಗಳಲ್ಲಿ ಓದೆನ್ ಎಂಬ ಸಾರಿನಲ್ಲಿ ತೇಲುವ ಕೋನ್ಯಾಕು ಮೀನಿನ ರಸದಲ್ಲಿ ಬೆಂದದ್ದು. ಉಪ್ಪಿನಲ್ಲಿ ಹಾಕಿದ ಉಮೆಬೋಶಿ ಎಂಬ ಹುಳಿಹಣ್ಣನ್ನು ಅನ್ನದ ಜೊತೆ ತಪ್ಪದೆ ನೋಡಿ. ಸಿಹಿಯಲ್ಲಿ ಯೋಕನ್ ಒಳ್ಳೆಯದು. ಅಜುಕಿ ಕಾಳಿನ ಹೂರಣವನ್ನು ಕಡಲಪಾಚಿಯ ಕಾಂತೆನ್ ಹಾಕಿ ಗಟ್ಟಿ ಮಾಡಿರುತ್ತಾರೆ, ಪ್ರಾಣಿಜನ್ಯ ಜೆಲಾಟಿನ್ ಇರುವುದಿಲ್ಲ.

ನ್ಯಾಟೊ ಬಗ್ಗೆಯೂ ಯಾರಾದರೂ ಹೇಳುತ್ತಾರೆ. ಹುದುಗಿಸಿದ ಸೋಯಾ ಕಾಳು, ಎತ್ತಿದರೆ ನೂಲು ನೂಲಾಗಿ ಏಳುತ್ತದೆ, ಘಾಟು ವಾಸನೆ ಇದೆ. ಕಾಳು ಸಸ್ಯಾಹಾರವೇ, ಆದರೆ ಪೆಟ್ಟಿಗೆಯೊಳಗಿನ ಸಣ್ಣ ಸಾಸ್ ಪೊಟ್ಟಣದಲ್ಲಿ ಹೆಚ್ಚಾಗಿ ಬೋನಿಟೊ ಸಾರ ಇರುತ್ತದೆ. ನನಗಂತೂ ಅದು ಸೇರಲಿಲ್ಲ. ನಿಮ್ಮ ಗುಳಿಗೆಗೂ ಅದಕ್ಕೂ ಏನೋ ವಿರೋಧವಿದೆಯೆಂದು ಅಲ್ಲಿಯ ಸಹೋದ್ಯೋಗಿಗಳು ಹೇಳುತ್ತಿದ್ದರು. ವೈದ್ಯರು ಯಾರಾದರೂ ತಿಳಿಸಬೇಕು.

ವೈದ್ಯೆ, ಸೇಡಂ

ತೊಗರಿಕಣಜ ಅವರೇ, ನ್ಯಾಟೊ ನಿಮಗೆ ಬೇಡವೇ ಬೇಡ. ರುಚಿ ನೋಡಲು ಒಂದು ಚಮಚವೂ ಬೇಡ. ವಾರ್ಫರಿನ್ ನಮ್ಮ ದೇಹದಲ್ಲಿ ಕೆ ಜೀವಸತ್ವದ ಕೆಲಸವನ್ನು ತಡೆಯುವ ಮೂಲಕ ರಕ್ತವನ್ನು ತೆಳುವಾಗಿಡುತ್ತದೆ. ನ್ಯಾಟೊದಲ್ಲಿ ಕೆ2 ಜೀವಸತ್ವ ಅತ್ಯಧಿಕ ಪ್ರಮಾಣದಲ್ಲಿರುತ್ತದೆ, ಅದು ರಕ್ತದಲ್ಲಿ ದಿನಗಟ್ಟಲೆ ಉಳಿಯುತ್ತದೆ. ಆದ್ದರಿಂದ ಒಂದು ಹೊತ್ತು ತಿಂದರೂ ಗುಳಿಗೆಯ ಪರಿಣಾಮ ತಗ್ಗಬಹುದು. ಕೃತಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವುದು ಪ್ರಾಣಕ್ಕೆ ಬರುವ ಮಾತು. ಜಪಾನಿನ ವೈದ್ಯರು ವಾರ್ಫರಿನ್ ಕೊಡುವಾಗ ನ್ಯಾಟೊ, ಅಓಜಿರು ಎಂಬ ಹಸಿರು ಸೊಪ್ಪಿನ ರಸ ಮತ್ತು ಕ್ಲೋರೆಲ್ಲಾ ಎಂಬ ಪಾಚಿಯ ಪುಡಿ ಈ ಮೂರನ್ನೂ ಬಿಡಲು ಹೇಳುತ್ತಾರೆ. ನಮ್ಮಲ್ಲಿ ಅದೇ ಬಗೆಯ ಅಸೆನೋಕೌಮರಾಲ್ ಗುಳಿಗೆ ತೆಗೆದುಕೊಳ್ಳುವವರಿಗೂ ಇದು ಅನ್ವಯಿಸುತ್ತದೆ. ಅಪಿಕ್ಸಬಾನ್, ರಿವರೊಕ್ಸಬಾನ್‌ನಂಥ ಹೊಸ ಔಷಧಗಳು ಬೇರೆ ರೀತಿಯಲ್ಲಿ ಕೆಲಸ ಮಾಡುವುದರಿಂದ ಅವುಗಳಿಗೆ ಈ ನಿರ್ಬಂಧವಿಲ್ಲ. ಆದರೆ ಲೋಹದ ಕವಾಟವಿದ್ದವರಿಗೆ ಅವನ್ನು ಕೊಡುವುದಿಲ್ಲ, ನೀವಾಗಿಯೇ ಬದಲಿಸುವ ಯೋಚನೆ ಮಾಡಬೇಡಿ.

ವಿಯೆಟ್ನಾಮಿನಲ್ಲಿ ಊಟದ ಜೊತೆ ಹಸಿ ಸೊಪ್ಪನ್ನು ತಟ್ಟೆ ತುಂಬ ಇಡುತ್ತಾರೆ. ಸೊಪ್ಪಿನಲ್ಲಿಯೂ ಕೆ ಜೀವಸತ್ವ ಇರುವುದರಿಂದ ಊರಿನಲ್ಲಿ ನೀವು ದಿನಾ ತಿನ್ನುವಷ್ಟೇ ಪ್ರಮಾಣವನ್ನು ಅಲ್ಲಿಯೂ ಕಾಯ್ದುಕೊಳ್ಳಿ. ಪೂರ್ತಿ ಬಿಡುವುದೂ ಒಮ್ಮೆಲೇ ಹೆಚ್ಚಿಸುವುದೂ ಎರಡೂ ಸರಿಯಲ್ಲ. ಹೊರಡುವ ಮುನ್ನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ) ಪರೀಕ್ಷೆ ಮಾಡಿಸಿ, ಗುಳಿಗೆಗಳನ್ನೂ ವೈದ್ಯರ ಚೀಟಿಯನ್ನೂ ಕೈಚೀಲದಲ್ಲಿಯೇ ಇಟ್ಟುಕೊಳ್ಳಿ.

ಹೊಟ್ಟೆ ಕೆಟ್ಟರೆ ಮೊದಲ ಕೆಲಸ ಓಆರ್‌ಎಸ್. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕರಗಿಸಿ ಕುಡಿಯಬೇಕು. ನಮ್ಮ ಕಡೆಯ ಮಂದಿ ಭೇದಿಯಾದ ತಕ್ಷಣ ಮೆಟ್ರೊನಿಡಜೋಲ್ ಅಥವಾ ಸಿಪ್ರೊಫ್ಲಾಕ್ಸಸಿನ್ ಗುಳಿಗೆಯನ್ನು ತಾವೇ ನುಂಗುವ ರೂಢಿಯಿದೆ. ಇವೆರಡೂ ವಾರ್ಫರಿನ್ ಪರಿಣಾಮವನ್ನು ಏರಿಸಿ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ, ಹಾಗಾಗಿ ನೀವು ವೈದ್ಯರನ್ನು ಕೇಳದೆ ತೆಗೆದುಕೊಳ್ಳಲೇಬಾರದು. ಎದುರಿಗೇ ಬೇಯಿಸಿ ಬಿಸಿಯಾಗಿ ಕೊಟ್ಟ ಬೀದಿ ತಿನಿಸಿಗಿಂತ, ಚಂದದ ಹೋಟೆಲಿನಲ್ಲಿ ಹೆಚ್ಚಿಟ್ಟು ಹೊತ್ತಾದ ಹಣ್ಣು ಹೆಚ್ಚು ಅಪಾಯಕಾರಿ ಎಂಬುದನ್ನು ನೆನಪಿಡಿ.

ಹೊಸ ವರ್ಷಕ್ಕೆ ಜಪಾನಿನಲ್ಲಿ ಮೋಚಿ ಎಂಬ ಅಕ್ಕಿಯ ಅಂಟು ಮುದ್ದೆಯನ್ನು ತಿನ್ನುತ್ತಾರೆ. ಪ್ರತಿ ವರ್ಷ ಆ ದಿನಗಳಲ್ಲಿ ಗಂಟಲಿಗೆ ಸಿಕ್ಕಿ ಸಾಯುವ ವೃದ್ಧರಿದ್ದಾರೆ. ಸಣ್ಣ ತುಂಡು ಮಾಡಿ, ಮಾತನಾಡದೆ, ಚೆನ್ನಾಗಿ ಅಗಿದು ತಿನ್ನಿ.

ಹಳೆಯ ಮೇಷ್ಟ್ರು, ಕಲಬುರಗಿ

ನೀವು ಹೊರಟಿರುವ ದೇಶಗಳನ್ನು ನಾನು ನೋಡಿಲ್ಲ. ನಿವೃತ್ತಿಗೆ ಮುಂಚೆ ಇಥಿಯೋಪಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಹೇಳಿದ್ದೇನೆ. ಚಕ್ರವರ್ತಿ ಹೈಲೆ ಸೆಲಾಸಿ ಅವರ ಕಾಲದಿಂದಲೂ ಆ ದೇಶದಲ್ಲಿ ಭಾರತೀಯ ಶಿಕ್ಷಕರಿದ್ದಾರೆ. ನನ್ನ ಅನುಭವ ನಿಮ್ಮ ಪ್ರಶ್ನೆಗೆ ನೇರ ಉತ್ತರವಲ್ಲದಿದ್ದರೂ, ಹೊಸ ಊಟವನ್ನು ಹೇಗೆ ಹತ್ತಿರ ಮಾಡಿಕೊಳ್ಳಬೇಕೆಂಬುದಕ್ಕೆ ಉಪಯೋಗವಾದೀತು.

ಸಸ್ಯಾಹಾರಿಗೆ ಆಫ್ರಿಕಾದಲ್ಲಿ ಉಪವಾಸವೇ ಗತಿಯೆಂದು ಹೊರಡುವಾಗ ಎಲ್ಲರೂ ಹೆದರಿಸಿದ್ದರು. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ವಾರದ ಬುಧವಾರ ಮತ್ತು ಶುಕ್ರವಾರ, ಈಸ್ಟರಿಗೆ ಮುಂಚಿನ 55 ದಿನ, ಇನ್ನೂ ಹಲವು ಪರ್ವಗಳಲ್ಲಿ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದನ್ನೂ ಮುಟ್ಟುವುದಿಲ್ಲ. ಆದ್ದರಿಂದ ಸಣ್ಣ ಊರಿನ ಖಾನಾವಳಿಯಲ್ಲಿಯೂ ಬುಧವಾರ ಹೋಗಿ ಬೆಯಾಯ್ನೆತು ಎಂದು ಕೇಳಿದರೆ ಸಾಕು, ಇಂಜೆರಾ ಎಂಬ ಅಗಲವಾದ ಹುಳಿ ರೊಟ್ಟಿಯ ಮೇಲೆ ಕೆಂಪು ಬೇಳೆ, ಕಡಲೆಹಿಟ್ಟಿನ ಶಿರೊ, ಕೋಸು, ಬೀಟ್‌ರೂಟ್, ಸೊಪ್ಪು ಎಲ್ಲವನ್ನೂ ಗುಡ್ಡೆಗುಡ್ಡೆಯಾಗಿ ಇಟ್ಟು ತರುತ್ತಾರೆ. ಉಪವಾಸವಲ್ಲದ ದಿನ ಮಾತ್ರ ಎಚ್ಚರ ಬೇಕು, ಏಕೆಂದರೆ ಅದೇ ಶಿರೊದಲ್ಲಿ ಮಾಂಸದ ತುಂಡು ಹಾಕಿದ ಬಗೆಯೂ ಉಂಟು.

ಇಂಜೆರಾ ತೆಫ್ ಎಂಬ ಧಾನ್ಯದ್ದು. ಆ ಕಾಳಿನ ಗಾತ್ರ ಸುಮಾರು ಒಂದು ಮಿಲಿಮೀಟರ್ ಮಾತ್ರ. ಹಿಟ್ಟನ್ನು ಎರಡು ಮೂರು ದಿನ ಹುಳಿಯಲು ಬಿಟ್ಟು, ಅಗಲವಾದ ಮಣ್ಣಿನ ಹಂಚಿನ ಮೇಲೆ ಒಂದೇ ಮಗ್ಗುಲು ಬೇಯಿಸುತ್ತಾರೆ. ಅದನ್ನು ದೋಸೆಯೆಂದು ವರ್ಣಿಸುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮೊದಲ ಸಲ ತಿಂದ ನಮ್ಮ ದಕ್ಷಿಣದ ಸಹೋದ್ಯೋಗಿಗಳು ದೋಸೆಯನ್ನು ನಿರೀಕ್ಷಿಸಿಯೇ ನಿರಾಶರಾದರು. ಎಳ್ಳಮಾಸೆಗೆ ಹೊಲದಲ್ಲಿ ಕೂತು ಭಜ್ಜಿಯ ಜೊತೆ ಹುಳಿ ಅಂಬಲಿ ಕುಡಿದು ಬೆಳೆದ ನನಗೆ ಆ ಹುಳಿ ಎರಡನೆಯ ತುತ್ತಿಗೇ ಒಗ್ಗಿತು. ಬಡವರ ಮನೆಗಳಲ್ಲಿ ತೆಫ್ ಬದಲು ಜೋಳದ ಇಂಜೆರಾ ಮಾಡುತ್ತಾರೆ. ಜೋಳವನ್ನು ಮನುಷ್ಯರು ಮೊದಲು ಬೆಳೆಸಿದ್ದು ಈಶಾನ್ಯ ಆಫ್ರಿಕಾದ ಆ ಸೀಮೆಯಲ್ಲಿಯೇ. ಗುರೆಳ್ಳಿನ ತವರೂ ಇಥಿಯೋಪಿಯಾವೇ. ನಾವು ಹುರಿದು ಕುಟ್ಟಿ ಹಿಂಡಿ ಮಾಡುವ ಆ ಕರಿ ಕಾಳಿನಿಂದ ಅವರು ಅಡಿಗೆಯ ಎಣ್ಣೆ ತೆಗೆಯುತ್ತಾರೆ. ಬೀದರಿನ ಹಬ್ಶಿಕೋಟೆಯ ಗುಡ್ಡದ ಮೇಲೆ ಅಬಿಸೀನಿಯಾ (ಇಥಿಯೋಪಿಯಾದ ಹಳೆಯ ಹೆಸರು) ಮೂಲದ ಸರದಾರರ ಗೋರಿಗಳಿರುವುದನ್ನು ಇಲ್ಲಿಯ ಬೀದರಿನವರು ಬಲ್ಲರು, ಆದರೆ ಜೋಳ ಮತ್ತು ಗುರೆಳ್ಳು ನಮ್ಮ ಕಡೆಗೆ ಬಂದದ್ದು ಅವರಿಗಿಂತ ಎಷ್ಟೋ ಶತಮಾನ ಮೊದಲು.

ನಿಜಕ್ಕೂ ಹೊಸದೆನಿಸಿದ್ದು ಕೋಚೊ. ಎನ್ಸೆಟ್ ಎಂಬ ಗಿಡ ಬಾಳೆಯ ಬಳಗದ್ದು. ಅದರ ಹಣ್ಣನ್ನು ಯಾರೂ ತಿನ್ನುವುದಿಲ್ಲ. ದಿಂಡು ಮತ್ತು ಗಡ್ಡೆಯನ್ನು ಹೆರೆದು, ಅದರದೇ ಎಲೆಯಲ್ಲಿ ಸುತ್ತಿ, ನೆಲದ ಕುಣಿಯಲ್ಲಿ ತಿಂಗಳುಗಟ್ಟಲೆ ಹುದುಗಿಸಿ, ಆಮೇಲೆ ಹಿಂಡಿ ರೊಟ್ಟಿ ಬೇಯಿಸುತ್ತಾರೆ. ದಕ್ಷಿಣ ಇಥಿಯೋಪಿಯಾದ ಲಕ್ಷಾಂತರ ಮಂದಿಯ ದಿನದ ಊಟ ಅದು, ಬರಗಾಲದಲ್ಲಿಯೂ ಕೈಬಿಡದ ಬೆಳೆ. ಕುಣಿ ತೆರೆದಾಗಿನ ವಾಸನೆಗೆ ನಾನು ಹಿಂದೆ ಸರಿದಿದ್ದೆ. ಮನೆಯ ಯಜಮಾನಿ ಎಲೆ ಬಿಚ್ಚುವುದರಿಂದ ಹಿಡಿದು ಹಂಚಿಗೆ ಹಾಕುವವರೆಗೆ ಪ್ರತಿಯೊಂದನ್ನೂ ತೋರಿಸಿದ ಮೇಲೆ ತಿನ್ನಲು ಅಂಜಿಕೆ ಉಳಿಯಲಿಲ್ಲ. ತಟ್ಟೆಗೆ ಬಂದಾಗ ಏನೆಂದು ಕೇಳುವುದಕ್ಕಿಂತ ಅಡಿಗೆಮನೆಯಲ್ಲಿ ನಿಂತು ಹೇಗೆಂದು ಕೇಳುವುದರಿಂದ ನಮ್ಮ ನಿಯಮವೂ ಉಳಿಯುತ್ತದೆ, ಮಾಡುವವರಿಗೂ ಸಂತೋಷವಾಗುತ್ತದೆ.

ಒಂದು ಎಚ್ಚರಿಕೆ. ಅಲ್ಲಿ ಆತ್ಮೀಯರಾದವರು ತಮ್ಮ ಕೈಯಿಂದಲೇ ತುತ್ತು ಮಾಡಿ ಅತಿಥಿಯ ಬಾಯಿಗಿಡುತ್ತಾರೆ. ಅದಕ್ಕೆ ಗುರ್ಶಾ ಎನ್ನುತ್ತಾರೆ. ತುತ್ತು ಮುಖದ ಹತ್ತಿರ ಬಂದ ಮೇಲೆ ಬೇಡವೆಂದರೆ ಮನಸ್ಸಿಗೆ ನೋವಾಗುತ್ತದೆ. ಆದ್ದರಿಂದ ನಾನು ಕೈ ತೊಳೆಯುವ ಹೊತ್ತಿಗೇ ನನ್ನದು ಸದಾ ಉಪವಾಸದ ಊಟವೆಂದು ಹೇಳಿಬಿಡುತ್ತಿದ್ದೆ. ಅವರಿಗೆ ಗೊತ್ತಿದ್ದ ಆಚರಣೆಯಾದ್ದರಿಂದ ಯಾರೂ ಕಾರಣ ಕೇಳುತ್ತಿರಲಿಲ್ಲ. ಮಾಂಸ ತಿನ್ನುವ ನಮ್ಮ ಗೆಳೆಯರಿಗೆ ಕಿತ್‌ಫೊ ಎಂಬ ಹಸಿ ದನದ ಮಾಂಸದ ಖೀಮಾ ಬಂದಾಗ, ಅದನ್ನು ಲೆಬ್ ಲೆಬ್, ಅಂದರೆ ತುಸು ಬಿಸಿ ಮಾಡಿ, ಕೊಡಲು ಕೇಳುವವರಿದ್ದರು.

ವೈದ್ಯೆ, ಸೇಡಂ

ಗುರುಗಳೇ, ತುಸು ಬಿಸಿ ಮಾಡಿದರೆ ಲಾಡಿಹುಳುವಿನ ಕೋಶ ಸಾಯುವುದಿಲ್ಲ. ಹಸಿ ದನದ ಮಾಂಸದಿಂದ ಅದು ಕರುಳಿಗೆ ಸೇರುತ್ತದೆ. ಪೂರ್ತಿ ಬೇಯಿಸಿಕೊಂಡೇ ತಿನ್ನಬೇಕು.

ಭೀಮಾತೀರ, ಯಾದಗಿರಿ

ಎಲ್ಲರೂ ತಿಳಿದವರು ಬರೆದಿದ್ದೀರಿ. ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. ದುಬೈನಲ್ಲಿ ನಾನು ಕೆಲಸ ಮಾಡುವಾಗ ಒಂದೇ ಅಡಿಗೆಮನೆಯನ್ನು ನಾಲ್ಕು ದೇಶದವರು ಬಳಸುತ್ತಿದ್ದೆವು. ಫಿಲಿಪೀನ್ಸಿನವರು ಬಾಲುತ್ ಎಂಬ, ಒಳಗೆ ಮರಿ ಬೆಳೆದ ಬಾತುಕೋಳಿ ಮೊಟ್ಟೆಯನ್ನು ಬೇಯಿಸಿ ತಿನ್ನುತ್ತಿದ್ದರು. ವಿಯೆಟ್ನಾಮಿನಲ್ಲಿಯೂ ಅದನ್ನು ಬೀದಿಯಲ್ಲಿ ಮಾರುತ್ತಾರೆ. ನಮ್ಮವರೇ ಕೆಲವರು ಅದರ ಎದುರು ಮೂಗು ಮುಚ್ಚಿಕೊಂಡು ವಿಡಿಯೊ ಮಾಡಿದಾಗ ಆ ಮಂದಿ ಏನೂ ಹೇಳಲಿಲ್ಲ, ಆದರೆ ಮುಂದೆ ನಮ್ಮೊಂದಿಗೆ ಕೂತು ಉಣ್ಣುವುದನ್ನು ಬಿಟ್ಟರು. ತಿನ್ನದಿದ್ದರೆ ಯಾರಿಗೂ ನಷ್ಟವಿಲ್ಲ. ಅವರ ತಟ್ಟೆಯ ಕಡೆಗೆ ಮೊಬೈಲ್ ಹಿಡಿಯಬಾರದು. ಕೊರಿಯಾದಲ್ಲಿ ಇನ್ನೂ ಹೊರಳಾಡುವ ಆಕ್ಟೋಪಸ್ ತುಂಡನ್ನು ಬರೀ ಪಂದ್ಯಕ್ಕೆಂದು ನುಂಗುವ ಪ್ರವಾಸಿಗರಿದ್ದಾರೆ. ಅದರ ಹೀರುಬಟ್ಟಲು ಗಂಟಲಿಗೆ ಅಂಟಿ ಉಸಿರು ಕಟ್ಟಿ ಸತ್ತವರೂ ಇದ್ದಾರೆ. ಆಹಾರದ ಮೇಲಿನ ಆಸಕ್ತಿ ಅದಲ್ಲ.

ಅದೇ ಅಡಿಗೆಮನೆಯಲ್ಲಿ ಬರ್ಮಾದವನೊಬ್ಬ ಪುಂಡಿಪಲ್ಯ ಮಾಡುತ್ತಿದ್ದ. ಅವರ ದೇಶದಲ್ಲಿ ಪುಂಡಿ ಸೊಪ್ಪು ನಮ್ಮಲ್ಲಿಗಿಂತ ಹೆಚ್ಚು ಬಳಕೆಯಲ್ಲಿದೆ. ನೋಡಿದ ಕೂಡಲೇ ಬಾಯಲ್ಲಿ ನೀರೂರಿತು, ಆದರೆ ಅದರಲ್ಲಿ ಒಣ ಸೀಗಡಿ ಪುಡಿ ಬಿದ್ದಿತ್ತು. ಕೋಟೆಬಾಗಿಲು ಅವರು ಬರೆದದ್ದು ನೂರಕ್ಕೆ ನೂರು ಸರಿ.

ಅಂದಹಾಗೆ, ಅಕ್ಕನವರು ಕರ್ಚಿಕಾಯಿಯ ಹೂರಣಕ್ಕೆ ಗಸಗಸೆ ಹಾಕಬಾರದು. ಸಿಂಗಪುರದಲ್ಲಿಯೂ ದುಬೈನಲ್ಲಿಯೂ ಗಸಗಸೆ ನಿಷಿದ್ಧ ವಸ್ತು. ವಿಮಾನ ಬದಲಿಸಲು ಇಳಿಯುವವರಿಗೂ ಆ ಗೊಡವೆ ಬೇಡ.

ಬಿದರಿ ಕುಸುರಿ, ಬೀದರ

ಆದಾಬ್ ಮತ್ತು ನಮಸ್ಕಾರ. ಬಿದರಿ ಸಾಮಾನಿನ ಪ್ರದರ್ಶನಗಳಿಗೆಂದು ನಾನು ಹನೋಯಿ ಮತ್ತು ಬ್ಯಾಂಕಾಕಿಗೆ ಹೋಗುತ್ತಿರುತ್ತೇನೆ. ನಾನು ಮಾಂಸ ತಿನ್ನುವವನಾದರೂ ಹಲಾಲ್ ಅಲ್ಲದ್ದನ್ನು ತಿನ್ನುವುದಿಲ್ಲ, ಆದ್ದರಿಂದ ವಿದೇಶದಲ್ಲಿ ಹೆಚ್ಚಿನ ದಿನ ನಿಮ್ಮ ಪಂಕ್ತಿಯಲ್ಲಿಯೇ ಕೂತಿರುತ್ತೇನೆ.

ವಿಯೆಟ್ನಾಮಿನಲ್ಲಿ ನಿಮಗೆ ಬೇಕಾದ ಫಲಕ ಚಾಯ್ ಎಂಬುದು. ಬೌದ್ಧರ ಸಸ್ಯಾಹಾರದ ಅಂಗಡಿಗಳ ಮೇಲೆ ಅದನ್ನು ಬರೆದಿರುತ್ತಾರೆ, ಮಗನಿಂದ ಅಕ್ಷರಗಳನ್ನು ಬರೆಸಿಕೊಂಡು ಜೇಬಿನಲ್ಲಿಟ್ಟುಕೊಳ್ಳಿ. ಅವರ ಚಾಂದ್ರಮಾನ ತಿಂಗಳಿನ ಮೊದಲ ದಿನ ಮತ್ತು ಹದಿನೈದನೆಯ ದಿನ ಅನೇಕ ಮಂದಿ ಮಾಂಸ ಬಿಡುತ್ತಾರೆ. ಆ ದಿನ ಸಾಮಾನ್ಯ ಅಂಗಡಿಗಳಲ್ಲಿಯೂ ಸಸ್ಯಾಹಾರ ಸಿಗುತ್ತದೆ. ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿಗೇ ಅವು ಬರುವುದರಿಂದ ಪಂಚಾಂಗ ನೋಡಿ ಪ್ರವಾಸದ ದಿನ ಹೊಂದಿಸಬಹುದು. ಹ್ವೆ ಹಳೆಯ ರಾಜಧಾನಿ, ಮಠಗಳ ಊರು, ಸಸ್ಯಾಹಾರಿ ಅಡಿಗೆಗೆ ಹೆಸರಾದದ್ದು. ಎಳೆಯ ಹಲಸಿನಕಾಯಿ ಮತ್ತು ಬಾಳೆಹೂವನ್ನು ಹೆಚ್ಚಿ ಮಾಡುವ ಹಸಿ ಪಲ್ಯಗಳು ನನಗೆ ಬಹಳ ಹಿಡಿಸಿದವು. ಚಾಯ್ ಅಂಗಡಿಗಳಲ್ಲಿ ಸೀಗಡಿ, ಮೀನು, ಹಂದಿಮಾಂಸದ ಆಕಾರ ಮತ್ತು ಬಣ್ಣದಲ್ಲಿಯೇ ಸೋಯಾ ಅಥವಾ ಗೋಧಿಯ ತಿನಿಸು ಮಾಡಿ ಇಡುತ್ತಾರೆ. ಅಕ್ಕನವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ತಟ್ಟೆ ನೋಡಿಯೇ ಎದ್ದು ಹೊರಟಾರು.

ಚಾಯ್ ಅಲ್ಲದ ಅಂಗಡಿಯಲ್ಲಿ ನೂಕ್ ಮಾಮ್ ಎಂಬ ಮೀನಿನ ರಸ ತಪ್ಪುವುದಿಲ್ಲ. ಸಣ್ಣ ಮೀನುಗಳನ್ನು ಉಪ್ಪಿನೊಂದಿಗೆ ಪೀಪಾಯಿಯಲ್ಲಿ ಸುಮಾರು ಒಂದು ವರ್ಷ ಕೊಳೆಯಿಸಿ ಸೋಸಿದ ರಸ ಅದು; ಅಲ್ಲಿಯ ಅಡಿಗೆಯಲ್ಲಿ ಉಪ್ಪಿನ ಕೆಲಸವನ್ನು ಅದೇ ಮಾಡುತ್ತದೆ. ಕರಿದ ತೋಫು ಮತ್ತು ಅಕ್ಕಿ ಶಾವಿಗೆಯ ತಟ್ಟೆ ಹನೋಯಿಯ ಗಲ್ಲಿಗಲ್ಲಿಯಲ್ಲಿ ಸಿಗುತ್ತದೆ, ನೋಡಿದರೆ ನಿಮಗೆಂದೇ ಮಾಡಿ ಇಟ್ಟಂತಿರುತ್ತದೆ. ಅದರ ಜೊತೆಗಿನ ನೇರಳೆ ಬಣ್ಣದ ಚಟ್ನಿ ಹುದುಗಿಸಿದ ಸೀಗಡಿಯದ್ದು. ತೋಫುವನ್ನು ಹಂದಿಯ ಕೊಬ್ಬಿನಲ್ಲಿ ಕರಿದಿರುವ ಸಾಧ್ಯತೆಯೂ ಇರುವುದರಿಂದ ಎಣ್ಣೆ ಯಾವುದೆಂದು ಕೇಳದೆ ನಾನು ಕೂರುವುದಿಲ್ಲ. ಹನೋಯಿಯ ಹೆಸರಾಂತ ಕಾಫಿಯೊಂದನ್ನು ಮೊಟ್ಟೆಯ ಹಳದಿ ಲೋಳೆಯಿಂದ ಮಾಡುತ್ತಾರೆ. 1946ರಲ್ಲಿ ಹಾಲಿಗೆ ಬರ ಬಂದಾಗ ಹುಟ್ಟಿಕೊಂಡ ಪಾನೀಯ ಅದು. ಮೇಲಿನ ನೊರೆ ಕೆನೆಯಂತೆ ಕಾಣುತ್ತದೆ, ನಿಮಗೆ ಅದು ಬೇಡ.

ಹುಳುಗಳ ವಿಷಯ ಬಂದೇ ಬರುತ್ತದೆ ಎಂದು ಹೇಳುತ್ತಿದ್ದೇನೆ. ಬ್ಯಾಂಕಾಕಿನಲ್ಲಿ ಕರಿದ ಮಿಡತೆ ಮಾರುತ್ತಾರೆ. ನಮ್ಮ ಧರ್ಮದಲ್ಲಿ ಮಿಡತೆ ನಿಷಿದ್ಧವಲ್ಲ, ಹಾಗಾಗಿ ಎಣ್ಣೆಯನ್ನು ವಿಚಾರಿಸಿ ತಿಂದು ನೋಡಿದೆ. ಗರಿಗರಿಯಾದ ಉಪ್ಪುಖಾರ ಬಿಟ್ಟರೆ ಹೇಳಿಕೊಳ್ಳುವ ರುಚಿಯೇನೂ ಇರಲಿಲ್ಲ.

ವೈದ್ಯೆ, ಸೇಡಂ

ಇದನ್ನು ಓದುವ ಮಾಂಸಾಹಾರಿಗಳಿಗೆ ಒಂದು ಮಾತು: ಸೀಗಡಿ ಅಥವಾ ಏಡಿಯಿಂದ ಅಲರ್ಜಿ ಇದ್ದವರು ಮಿಡತೆ ಮುಂತಾದ ಹುಳುಗಳನ್ನೂ ತಿನ್ನಬಾರದು. ಎರಡರಲ್ಲಿಯೂ ಟ್ರೊಪೊಮಯೊಸಿನ್ ಎಂಬ ಒಂದೇ ಬಗೆಯ ಪ್ರೋಟೀನು ಇರುವುದರಿಂದ ಅಲರ್ಜಿ ಅಲ್ಲಿಯೂ ಕಾಣಿಸಿಕೊಳ್ಳಬಹುದು.

ತೊಗರಿಕಣಜ, ಕಲಬುರಗಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಋಣಿಯಾಗಿದ್ದೇನೆ. ನ್ಯಾಟೊ ಆಸೆ ಕೈಬಿಟ್ಟೆ. ಗಸಗಸೆಯ ಮಾತನ್ನು ಮನೆಯವರಿಗೆ ಓದಿ ಹೇಳಿದ್ದರಿಂದ ಹೂರಣ ಬದಲಾಗಿದೆ. ಹುಣ್ಣಿಮೆಯನ್ನು ಹ್ವೆಯಲ್ಲಿ ಕಳೆಯುವಂತೆ ಟಿಕೆಟ್ ಹೊಂದಿಸಲು ಮಗನಿಗೆ ಹೇಳಿದ್ದೇನೆ.

ಒಂದು ತೊಡಕು ಉಳಿದಿದೆ. ಮಗನ ಮನೆಯ ಮಾಲೀಕರು ವಯಸ್ಸಾದ ದಂಪತಿ. ಹೊಸ ವರ್ಷದ ಸಮಯಕ್ಕೆ ನಾವು ಬರುವುದನ್ನು ತಿಳಿದು ಊಟಕ್ಕೆ ಕರೆದಿದ್ದಾರೆ. ಮೇಷ್ಟ್ರಿಗೆ ಉಪವಾಸವೆಂದು ಹೇಳುವ ದಾರಿ ಇತ್ತು, ನಮಗೆ ಅದಿಲ್ಲ. ಅವರು ಆದರದಿಂದ ಬಡಿಸಿದ್ದನ್ನು ಮುಟ್ಟದಿರುವುದು ಹೇಗೆ, ಮತ್ತು ಅವರ ಮನೆಗೆ ಏನು ಒಯ್ಯುವುದು? ಶೇಂಗಾ ಹೋಳಿಗೆ ಒಯ್ಯಬೇಕೆಂಬುದು ಮನೆಯವರ ಆಸೆ.

ಕೋಟೆಬಾಗಿಲು, ಬೀದರ

ಸರ್, ಅದನ್ನು ಊಟದ ದಿನಕ್ಕೆ ಬಿಡಬೇಡಿ. ಹೊಸ ವರ್ಷದ ಓಸೆಚಿ ಅಡಿಗೆಯನ್ನು ಅಲ್ಲಿ ಕೆಲವು ದಿನ ಮುಂಚಿತವಾಗಿಯೇ ಮಾಡಿ ಅಥವಾ ಅಂಗಡಿಗೆ ಹೇಳಿ ತರಿಸಿ, ಮರದ ಡಬ್ಬಿಗಳಲ್ಲಿ ಜೋಡಿಸಿ ಇಡುತ್ತಾರೆ. ಅದರಲ್ಲಿ ಮೀನಿನ ಮೊಟ್ಟೆ, ಸೀಗಡಿ ಇದ್ದೇ ಇರುತ್ತವೆ. ಎಲ್ಲವೂ ಸಿದ್ಧವಾದ ಮೇಲೆ ಹೇಳಿದರೆ ಆ ಹಿರಿಯರು ನಿಮಗೆ ಬಡಿಸಲು ಏನೂ ಇಲ್ಲವೆಂದು ಸಂಕೋಚದಿಂದ ಕುಗ್ಗಿಹೋಗುತ್ತಾರೆ. ಮಗನಿಂದ ಈಗಲೇ ಒಂದು ಚೀಟಿ ಬರೆಸಿ ಕೊಡಿಸಿ. ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ಮತ್ತು ಮೀನಿನ ಸಾರ ತಿನ್ನುವುದಿಲ್ಲ, ಕೊಂಬು ಮತ್ತು ಶಿಟಾಕೆ ದಾಶಿ, ಸೋಯಾ, ಹಾಲು ನಡೆಯುತ್ತದೆ ಎಂದು ಅದರಲ್ಲಿರಲಿ. ತಿನ್ನದಿರುವುದರ ಪಟ್ಟಿಯೊಂದನ್ನೇ ಕೊಟ್ಟರೆ ಅವರು ಗಾಬರಿಯಾಗುತ್ತಾರೆ, ತಿನ್ನುವುದನ್ನೂ ಬರೆದರೆ ಅಡಿಗೆ ಸುಲಭವಾಗುತ್ತದೆ. ಓಸೆಚಿಯಲ್ಲಿಯೇ ಸಿಹಿಯಾಗಿ ಬೇಯಿಸಿದ ಕಪ್ಪು ಸೋಯಾ ಕಾಳು, ಕಮಲದ ಬೇರಿನ ಹುಳಿಪಲ್ಯ, ಗೆಣಸಿನ ಕುರಿಕಿಂತೊನ್ ಇರುತ್ತವೆ, ಅವುಗಳಿಂದಲೇ ನಿಮ್ಮ ತಟ್ಟೆ ತುಂಬಬಹುದು. ಕಮಲದ ಬೇರನ್ನು ಬೇಯಿಸಿದ ರಸದಲ್ಲಿ ಮಾತ್ರ ದಾಶಿ ಇದೆಯೇ ಎಂದು ಮಗ ಕೇಳಿಡಲಿ. ಊಟದ ನಡುವೆ ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ತೀರಿಕೊಂಡವರಿಗೆ ಎಡೆ ಇಡುವ ಕ್ರಮ ಅದು.

ಶೇಂಗಾ ಹೋಳಿಗೆ ಒಳ್ಳೆಯ ಯೋಚನೆ, ಮೊದಲು ಆ ಮನೆಯಲ್ಲಿ ಯಾರಿಗಾದರೂ ಶೇಂಗಾ ಅಲರ್ಜಿ ಇದೆಯೇ ಎಂದು ಕೇಳಿಸಿ. ಹಸಿ ಹಣ್ಣು, ತರಕಾರಿ, ಬಿತ್ತನೆ ಬೀಜ ಯಾವುದನ್ನೂ ಜಪಾನಿಗೆ ಒಯ್ಯಬೇಡಿ. ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿಯೇ ತೆಗೆದಿಟ್ಟುಕೊಳ್ಳುತ್ತಾರೆ.

ತೊಗರಿಕಣಜ, ಕಲಬುರಗಿ

ಮಗ ವಿಚಾರಿಸಿದ್ದಾನೆ. ಆ ಮನೆಯಲ್ಲಿ ಶೇಂಗಾಕ್ಕೆ ಅಡ್ಡಿಯಿಲ್ಲ, ಆದರೆ ಮೊಮ್ಮಗಳಿಗೆ ಸೋಬಾ ನೂಡಲ್ಸಿನ ಬಕ್‌ವೀಟ್ ಧಾನ್ಯದ ಅಲರ್ಜಿ ಇರುವುದರಿಂದ ನಮ್ಮ ರೊಟ್ಟಿಯಲ್ಲಿ ಅದು ಇದೆಯೇ ಎಂದು ಆ ತಾಯಿಯವರೇ ಕೇಳಿ ಕಳಿಸಿದ್ದಾರೆ. ಜೋಳ ಬೇರೆ, ಅದು ಬೇರೆ ಎಂದು ಉತ್ತರ ಬರೆಸಿದ್ದೇನೆ. ಕೊಂಬು ದಾಶಿಯಲ್ಲಿಯೇ ಅಡಿಗೆ ಮಾಡುವುದಾಗಿ, ಬೇಕಾದರೆ ಮನೆಯವರು ಅಡಿಗೆಮನೆಗೆ ಬಂದು ನೋಡಬಹುದೆಂದೂ ಅವರು ತಿಳಿಸಿದ್ದಾರೆ. ಜಪಾನಿ ಅಕ್ಷರಗಳಲ್ಲಿ ಬರೆಸಿದ ಚೀಟಿಯ ಚಿತ್ರವನ್ನು ಇಲ್ಲಿ ಸೇರಿಸುತ್ತೇನೆ, ಬೇಕಾದವರು ಬಳಸಿಕೊಳ್ಳಬಹುದು.